ಬಣ್ಣ ಬಳಿದ ಸಂಖ್ಯೆಗಳು
1ರಿಂದ 5ರವರೆಗಿನ ಸಂಖ್ಯೆಗಳಿಗೆ ಕೆಂಪು, ನೀಲಿ ಎಂಬ ಎರಡೇ ಬಣ್ಣಗಳನ್ನು ಹೇಗೆ ಬಳಿದರೂ, ಒಂದೇ ಬಣ್ಣದ ಎರಡು ಸಂಖ್ಯೆಗಳು ಕೂಡಿ ಅದೇ ಬಣ್ಣದ ಇನ್ನೊಂದನ್ನು ಕೊಡುವುದು ತಪ್ಪುವುದಿಲ್ಲ; ಒಂದೇ ಸಂಖ್ಯೆಯನ್ನು ಎರಡು ಸಲ ಕೂಡಿಸಲೂಬಹುದು. ತಪ್ಪಿಸಲು ಹೊರಟರೆ ಹೀಗಾಗುತ್ತದೆ: 1 ಕೆಂಪಾದರೆ 1+1 ಆದ 2 ನೀಲಿಯಾಗಬೇಕು, 2+2 ಆದ 4 ಕೆಂಪಾಗಬೇಕು, 1+3=4 ಆಗುವುದರಿಂದ 3 ನೀಲಿಯಾಗಬೇಕು; ಆಮೇಲೆ 5ಕ್ಕೆ ಬಣ್ಣವೇ ಉಳಿಯುವುದಿಲ್ಲ, 1+4 ಕೆಂಪನ್ನು ತಡೆದರೆ 2+3 ನೀಲಿಯನ್ನು ತಡೆಯುತ್ತದೆ. ಬಣ್ಣಗಳು ಎಷ್ಟೇ ಇರಲಿ, ಸಾಲು ಸಾಕಷ್ಟು ಉದ್ದವಿದ್ದರೆ ಇದೇ ಗತಿ ಎಂದು ಇಸಾಯ್ ಶೂರ್ 1916ರಲ್ಲಿ ಸಾಧಿಸಿದರು. ಅವರ ಗಮನವಿದ್ದದ್ದು ಫರ್ಮಾ ಸಮೀಕರಣದ ಮೇಲೆ. ಫ್ರಾಂಕ್ ರಾಮ್ಸೆಯ ಪ್ರಮೇಯ ಆಗಿನ್ನೂ ಇರಲಿಲ್ಲ, ಅದು ಅಚ್ಚಾದದ್ದು 1930ರಲ್ಲಿ. ಆದರೆ ರಾಮ್ಸೆಯ ದಾರಿಯಲ್ಲಿ ಸಾಧನೆ ಬಲು ಸಲೀಸು. 1ರಿಂದ 6ರವರೆಗೆ ಹೆಸರಿಟ್ಟ ಆರು ಬಿಂದುಗಳಲ್ಲಿ ಪ್ರತಿ ಜೋಡಿಯ ನಡುವೆ ಗೆರೆ ಎಳೆದು, ಆ ಜೋಡಿಯ ವ್ಯತ್ಯಾಸಕ್ಕಿರುವ ಬಣ್ಣವನ್ನೇ ಗೆರೆಗೂ ಕೊಡಬೇಕು. ಇಂಥ ಗ್ರಾಫ್‌ನಲ್ಲಿ ರಾಮ್ಸೆಯ ಪ್ರಮೇಯದ ಪ್ರಕಾರ ಒಂದೇ ಬಣ್ಣದ ತ್ರಿಕೋನ ಇದ್ದೇ ಇರುತ್ತದೆ. ಅದರ ಶೃಂಗಗಳು 1, 3, 6 ಎಂದುಕೊಂಡರೆ ವ್ಯತ್ಯಾಸಗಳು 2, 3, 5. ಮೊದಲೆರಡು ಕೂಡಿದರೆ ಮೂರನೆಯದು. ಮೂರು ಬಣ್ಣಗಳಿಗೆ ಬಂದರೆ ಈ ವಿಧಾನದ್ದು ಸ್ವಲ್ಪ ಧಾರಾಳದ ಲೆಕ್ಕ: ತ್ರಿಕೋನಕ್ಕೆ 17 ಬಿಂದುಗಳು ಬೇಕಾದ್ದರಿಂದ 16ರವರೆಗಿನ ಸಂಖ್ಯೆಗಳು ಸಾಕು ಎನ್ನುತ್ತದೆ, ನಿಜಕ್ಕೂ 14 ಸಾಕು. ನಾಲ್ಕು ಬಣ್ಣಗಳಲ್ಲಿ 44ರವರೆಗೆ ಮೊತ್ತವನ್ನು ತಪ್ಪಿಸಬಹುದು. ಐದಕ್ಕೆ ಆ ಮಿತಿ 160 ಎಂದು ಮರೈನ್ ಹ್ಯೂಲೆ 2017ರಲ್ಲಿ ಕಂಪ್ಯೂಟರಿನಿಂದ ತೋರಿಸಿದರು. ಸಾಧನೆಯ ಗಾತ್ರ ಸುಮಾರು 2 ಪೆಟಾಬೈಟ್, ಮನುಷ್ಯರು ಓದಿ ನೋಡುವ ಮಾತೇ ಇಲ್ಲ. ಆರು ಬಣ್ಣಗಳ ನಿಖರ ಮಿತಿ ಇನ್ನೂ ಸಿಕ್ಕಿಲ್ಲ.