ಕಂಬಗಳಿಗೆ ಪಕ್ಷವಿಲ್ಲ

ವಾಷಿಂಗ್ಟನ್ನಿನಲ್ಲಿ ಇನ್ನು ಮುಂದೆ ಏಳುವ ಕೇಂದ್ರ ಸರ್ಕಾರದ ಕಟ್ಟಡಗಳು ಗ್ರೀಕ್-ರೋಮನ್ ಪರಂಪರೆಯ ಶೈಲಿಯಲ್ಲಿರುವುದೇ ವಾಡಿಕೆಯಾಗಬೇಕೆಂದು 2025ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷರು ಆದೇಶ ಹೊರಡಿಸಿದರು. 2020ರ ಡಿಸೆಂಬರಿನಲ್ಲೂ ಅವರಿಂದಲೇ ಇದೇ ಧಾಟಿಯ ಆದೇಶವೊಂದು ಬಂದಿತ್ತು. ಆಗ ಅವರ ನಂತರ ಬಂದ ಅಧ್ಯಕ್ಷರು ಕೆಲವೇ ವಾರಗಳಲ್ಲಿ ಅದನ್ನು ರದ್ದುಮಾಡಿದ್ದರು. ಎರಡೂ ಸಲ ನಡೆದ ಜಗಳ ಒಂದೇ. ಕಂಬಸಾಲು, ತ್ರಿಕೋನದ ಮುಡಿ, ಬಿಳಿಯ ಕಲ್ಲು ಅಥೆನ್ಸಿನಿಂದ ಬಂದ ಪ್ರಜಾಪ್ರಭುತ್ವದ ಮುಖ ಎಂದು ಒಂದು ಗುಂಪು. ಅಲ್ಲ, ಅದು ಹಿಟ್ಲರನ ವಾಸ್ತುಶಿಲ್ಪಿ ಆಲ್ಬರ್ಟ್ ಶ್ಪೇರ್ ಮೆಚ್ಚಿದ ಸರ್ವಾಧಿಕಾರದ ಮುಖ ಎಂದು ಇನ್ನೊಂದು ಗುಂಪು. ಇಬ್ಬರೂ ಹಾವು-ಮುಂಗುಸಿಗಳಂತೆ ಕಂಡರೂ ನಂಬಿರುವುದು ಒಂದೇ ಸುಳ್ಳನ್ನು: ಕಂಬಕ್ಕೊಂದು ಪಕ್ಷವಿದೆ ಎಂಬುದನ್ನು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಯುರೋಪನ್ನು ಆವರಿಸಿದ ನಿಯೋಕ್ಲಾಸಿಕಲ್ ಕಲೆಯನ್ನು ನೋಡಿದರೆ ಬೇರೆಯದೇ ತೋರುತ್ತದೆ. ಈ ಶೈಲಿ ಯಾವ ಸಿದ್ಧಾಂತಕ್ಕೂ ಸೇರಿದ್ದಲ್ಲ. ವಯಸ್ಸಿಲ್ಲದ ಅಧಿಕಾರ ವಯಸ್ಸನ್ನು ಕಡ ತರುವ ದಾರಿ ಅದು. ನಿನ್ನೆ ಮೊನ್ನೆ ಪಟ್ಟಕ್ಕೇರಿದ ಪಾಳೆಯಗಾರ ಪಂಡಿತರನ್ನು ಕರೆಸಿ ಸೂರ್ಯವಂಶದಿಂದ ತನ್ನವರೆಗೆ ವಂಶಾವಳಿ ಬರೆಸಿಕೊಳ್ಳುವಂತೆ, ನೆಲೆ ಕಾಣದ ಆಳ್ವಿಕೆಗಳು ರೋಮಿನ ಕಂಬ ನೆಟ್ಟುಕೊಂಡವು.

ಜಾಕ್ ಲೂಯಿ ದಾವೀದನ ‘ಹೊರೇಷಿಯರ ಪ್ರತಿಜ್ಞೆ’ಯನ್ನೇ ನೋಡಿ. ತಂದೆ ಎತ್ತಿ ಹಿಡಿದ ಖಡ್ಗಗಳತ್ತ ಕೈ ಚಾಚಿ ನಿಂತ ಮೂವರು ಸಹೋದರರು, ಒಂದು ಪಕ್ಕದಲ್ಲಿ ಕುಸಿದು ಕುಳಿತ ಹೆಂಗಸರು, ಹಿಂದೆ ಮೂರು ಬೋಳು ಕಮಾನು. 1785ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಜನ ಮುಗಿಬಿದ್ದು ನೋಡಿದ ಈ ಚಿತ್ರವನ್ನು ಫ್ರೆಂಚ್ ಕ್ರಾಂತಿಯ ಮುನ್ಸೂಚನೆ ಎಂದು ಪಠ್ಯಪುಸ್ತಕಗಳು ಕೊಂಡಾಡುತ್ತವೆ. ಆದರೆ ಅದನ್ನು ಬರೆಸಿದ್ದು ಹದಿನಾರನೆಯ ಲೂಯಿಯ ಅರಮನೆಯ ಇಲಾಖೆಯೇ. ನಾಡಿಗಾಗಿ ಮನೆಯನ್ನು ಮರೆಯಬೇಕೆಂಬ ಪಾಠ ದೊರೆಗೂ ಇಷ್ಟವಾಗಿತ್ತು. ಎಂಟು ವರ್ಷಗಳ ನಂತರ ಅದೇ ದಾವೀದ್ ಅದೇ ದೊರೆಯ ಮರಣದಂಡನೆಗೆ ಮತ ಹಾಕಿದ. ಅದೇ ವರ್ಷ ಕೊಲೆಯಾದ ಕ್ರಾಂತಿಕಾರಿ ಮಾರಾನನ್ನು ಹುತಾತ್ಮನನ್ನಾಗಿ ಚಿತ್ರಿಸಿದ. ಹೊಸ ಶತಮಾನದ ಮೊದಲ ದಶಕ ಮುಗಿಯುವಷ್ಟರಲ್ಲಿ ನೆಪೋಲಿಯನ್ನನ ಪಟ್ಟಾಭಿಷೇಕದ ದೊಡ್ಡ ಚಿತ್ರವನ್ನೂ ಮುಗಿಸಿದ್ದ. ದಾವೀದನನ್ನು ಅವಕಾಶವಾದಿ ಎಂದು ಬಯ್ಯುವುದು ಸುಲಭ. ಅವನ ಕುಂಚ ಕಲಿತ ಭಾಷೆ ಮೂವರು ಯಜಮಾನರಿಗೂ ಒಗ್ಗಿತಲ್ಲ, ಅದನ್ನು ವಿವರಿಸುವುದು ಕಷ್ಟ.

ಇನ್ನೂ ಗಟ್ಟಿಯಾದ ಸಾಕ್ಷಿ ಪ್ಯಾರಿಸ್ಸಿನ ಪ್ಯಾಂಥಿಯನ್. 1744ರಲ್ಲಿ ಕಾಯಿಲೆ ಬಿದ್ದು ಬದುಕುಳಿದ ಹದಿನೈದನೆಯ ಲೂಯಿ, ನಗರದ ರಕ್ಷಕಿ ಸಂತ ಜೆನೆವೀವ್‌ಳಿಗೆ ಹರಕೆ ಹೊತ್ತು ಕಟ್ಟಿಸಿದ ಚರ್ಚು ಅದು. ವಾಸ್ತುಶಿಲ್ಪಿ ಸೂಫ್ಲೋ ಮುಂಭಾಗಕ್ಕೆ ರೋಮಿನ ದೇಗುಲದ ಕೊರಿಂಥಿಯನ್ ಕಂಬಗಳನ್ನಿಟ್ಟ. 1764ರಲ್ಲಿ ದೊರೆಯೇ ಅಡಿಗಲ್ಲು ಹಾಕಿದ. ಕಟ್ಟಡ ಮುಗಿಯುವ ಹೊತ್ತಿಗೆ ಕ್ರಾಂತಿ ಬಂದಿತ್ತು. 1791ರಲ್ಲಿ ಕ್ರಾಂತಿಯ ಮುಂದಾಳು ಮಿರಾಬೋ ತೀರಿಕೊಂಡಾಗ ರಾಷ್ಟ್ರೀಯ ಸಭೆ ಅದನ್ನು ಮಹಾಪುರುಷರ ಸಮಾಧಿಯಾಗಿಸಿತು. ಚರ್ಚಿನ ಕಳೆ ಹೋಗಿ ಸಮಾಧಿಯ ಗಾಂಭೀರ್ಯ ಬರಲೆಂದು ಕಲಾವಿದ್ವಾಂಸ ಕಾತ್ರಮೇರ್ ದ ಕ್ವಿನ್ಸಿ ಕೆಳಗಿನ ಕಿಟಕಿಗಳನ್ನು ಮುಚ್ಚಿಸಿದ. ಮೊದಲು ಒಳಬಂದ ಮಿರಾಬೋ ದೊರೆಯೊಡನೆ ಗುಟ್ಟಾಗಿ ವ್ಯವಹರಿಸಿದ್ದು ಬಯಲಾದದ್ದರಿಂದ ಹೊರಬಿದ್ದ. ಅವನು ಹೋದಂತೆ ಬಂದ ಮಾರಾ ಕೆಲವೇ ತಿಂಗಳಲ್ಲಿ ತಾನೂ ಹೊರಬಿದ್ದ. ಸತ್ತವರಿಗೂ ವರ್ಗಾವಣೆಯ ಕಾಟ ತಪ್ಪಲಿಲ್ಲ. 1806ರಲ್ಲಿ ನೆಪೋಲಿಯನ್ ಮೇಲಂತಸ್ತನ್ನು ಪೂಜೆಗೆ ಮರಳಿಸಿ, ನೆಲಮಾಳಿಗೆಯನ್ನು ತನ್ನ ಗಣ್ಯರಿಗೆಂದು ಉಳಿಸಿಕೊಂಡ. ಗುಮ್ಮಟದೊಳಗೆ ಕ್ಲೋವಿಸ್, ಶಾರ್ಲಮೇನ್, ಸಂತ ಲೂಯಿಯರ ಜೊತೆ ತನ್ನನ್ನೂ ಬರೆಯಲು ದಾವೀದನ ಶಿಷ್ಯ ಆಂಟ್ವಾನ್ ಗ್ರೋನಿಗೆ 1811ರಲ್ಲಿ ಒಪ್ಪಿಸಿದ. ಚಿತ್ರ ಮುಗಿಯುವ ಮೊದಲೇ ಸಾಮ್ರಾಜ್ಯ ಮುಗಿಯಿತು. ನೆಪೋಲಿಯನ್ನನ ಜಾಗದಲ್ಲಿ ಗ್ರೋ ಹದಿನೆಂಟನೆಯ ಲೂಯಿಯನ್ನು ಕೂರಿಸಿದ. 1830ರಲ್ಲಿ ಮತ್ತೆ ಸ್ಮಾರಕ, 1851ರಲ್ಲಿ ಮತ್ತೆ ಚರ್ಚು, 1885ರಲ್ಲಿ ವಿಕ್ಟರ್ ಹ್ಯೂಗೋನ ಅಂತ್ಯಕ್ರಿಯೆಗಾಗಿ ಮತ್ತೆ ಸ್ಮಾರಕ. ಗುಮ್ಮಟದ ನೆತ್ತಿಯಲ್ಲಿ ಶಿಲುಬೆ ಈಗಲೂ ಇದೆ, ಕೆಳಗೆ ವೋಲ್ಟೇರ್ ಮಲಗಿದ್ದಾನೆ. ಇಷ್ಟೆಲ್ಲ ಆದರೂ ಮುಂದಿನ ಕಂಬಸಾಲನ್ನು ತೆಗೆಸಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಕಿಟಕಿಯ ಬೆಳಕು ಕೆಲವರಿಗೆ ಹಿಡಿಸಲಿಲ್ಲ, ಹೆಸರು ಹಲವರಿಗೆ ಹಿಡಿಸಲಿಲ್ಲ. ಕಂಬಗಳು ಮಾತ್ರ ಎಲ್ಲರಿಗೂ ಬೇಕಾದವು.

ಇದಕ್ಕೆ ಎದುರಾಗಿ ನಿಲ್ಲಬಲ್ಲ ವಾದ ವಿಂಕೆಲ್ಮನ್ನನದು. ಪ್ರಾಚೀನ ಕಲೆಯ ಚರಿತ್ರೆಯನ್ನು 1764ರಲ್ಲಿ ಪ್ರಕಟಿಸಿದ ಈ ಜರ್ಮನ್ ವಿದ್ವಾಂಸ, ಗ್ರೀಕರ ಶಿಲ್ಪ ಅರಳಿದ್ದು ಅವರ ಸ್ವಾತಂತ್ರ್ಯದ ನೆಲದಲ್ಲಿ ಎಂದ. ಅವನ ಮಾತನ್ನು ತಳ್ಳಿಹಾಕುವಂತಿಲ್ಲ. ಅಂತಃಪುರದ ಗುಲಾಬಿ ಮೋಡಗಳಲ್ಲಿ, ಚಿನ್ನದ ಸುರುಳಿ ಬಳ್ಳಿಗಳಲ್ಲಿ ಮೈಮರೆತಿದ್ದ ರೊಕೊಕೊ ಕಲೆಯೆದುರು ಸರಳ ಗೆರೆ, ಸಂಯಮದ ಭಂಗಿ, ಸಾರ್ವಜನಿಕ ವಸ್ತು ಇವೆಲ್ಲ ನಿಜವಾಗಿಯೂ ನೈತಿಕ ಬದಲಾವಣೆಯೇ ಆಗಿದ್ದವು. ದಾವೀದನ ಚಿತ್ರ ಕಂಡು ರೋಮಾಂಚನಗೊಂಡವರು ಮೂರ್ಖರಲ್ಲ. ಆದರೆ ಸಂಯಮ, ತ್ಯಾಗ, ಶಿಸ್ತು ಎಂಬ ಗುಣಗಳು ಗಣರಾಜ್ಯಕ್ಕೆ ಬೇಕಾದಷ್ಟೇ ಸೈನ್ಯಕ್ಕೂ ಬೇಕು. ನಾಗರಿಕನನ್ನು ತಿದ್ದುವ ಶಿಲ್ಪ ಪ್ರಜೆಯನ್ನು ಬಗ್ಗಿಸಲೂಬಹುದು. ಇನ್ನು ಆ ನಿಷ್ಕಳಂಕ ಬಿಳುಪಂತೂ ಗ್ರೀಕರದ್ದೇ ಅಲ್ಲ: ಅವರು ಮೂರ್ತಿ, ದೇಗುಲಗಳಿಗೆ ಢಾಳಾಗಿ ಬಣ್ಣ ಬಳಿಯುತ್ತಿದ್ದರು. ಕಿಟಕಿ ಮುಚ್ಚಿಸಿದ ಕಾತ್ರಮೇರನೇ 1815ರಲ್ಲಿ ಈ ಬಗ್ಗೆ ದೊಡ್ಡ ಗ್ರಂಥ ಬರೆದ. ಆದರೂ ಬಿಳುಪಿನ ಮೋಹ ಇಳಿಯಲಿಲ್ಲ. ನಿಯೋಕ್ಲಾಸಿಕಲ್ ಎಂದರೆ ಬರೀ ನಕಲು ಎನ್ನುವವರಿಗೆ, ಇಲ್ಲದ ಗ್ರೀಸನ್ನು ನಕಲು ಮಾಡುವುದು ಹೇಗೆ ಎಂದಷ್ಟೇ ಕೇಳಬಹುದು.

ಹೊಸಬರ ಹಪಾಹಪಿ ಅಟ್ಲಾಂಟಿಕ್‌ನ ಆಚೆ ಇನ್ನೂ ಸ್ಪಷ್ಟ. ರಾಯಭಾರಿಯಾಗಿ ಪ್ಯಾರಿಸ್ಸಿನಲ್ಲಿದ್ದ ಥಾಮಸ್ ಜೆಫರ್ಸನ್, ವರ್ಜೀನಿಯಾದ ಶಾಸನಸಭೆಯ ಕಟ್ಟಡಕ್ಕೆ ಫ್ರಾನ್ಸಿನ ನೀಮ್ ಊರಿನ ರೋಮನ್ ದೇಗುಲ ಮೇಜೊಂ ಕಾರೆಯನ್ನು ಮಾದರಿಯಾಗಿ ಆರಿಸಿದ. ಆ ದೇಗುಲ ಯಾರದ್ದು? ಚಕ್ರವರ್ತಿ ಅಗಸ್ಟಸ್ ದತ್ತು ಪಡೆದ ಉತ್ತರಾಧಿಕಾರಿಗಳಾದ ಗಾಯಸ್ ಮತ್ತು ಲೂಷಿಯಸರದ್ದು. ವಂಶಪಾರಂಪರ್ಯದ ಆಳ್ವಿಕೆಯನ್ನು ಧಿಕ್ಕರಿಸಿದ ಗಣರಾಜ್ಯ ತನ್ನ ಸಭಾಭವನಕ್ಕೆ ರಾಜಕುಮಾರರ ಗುಡಿಯನ್ನೇ ಅಚ್ಚಾಗಿಸಿಕೊಂಡಿತು! ವಾಷಿಂಗ್ಟನ್ನಿನ ಕ್ಯಾಪಿಟಲ್ ಕಟ್ಟಡಕ್ಕೆ ಕಲ್ಲು ಒಡೆದವರಲ್ಲಿ ಗುಲಾಮರಿದ್ದರು ಎಂಬುದನ್ನು ಇದರ ಪಕ್ಕದಲ್ಲಿಟ್ಟರೆ, ಕಂಬಗಳೇ ಸ್ವಾತಂತ್ರ್ಯವನ್ನು ಸಾರುತ್ತವೆ ಎನ್ನುವವರ ಬಾಯಿ ಕಟ್ಟಬೇಕು. ನಮ್ಮಲ್ಲೂ ಇದೇ ಕಥೆ. ಶ್ರೀರಂಗಪಟ್ಟಣ ಬಿದ್ದ 1799ರಲ್ಲೇ ಗವರ್ನರ್ ಜನರಲ್ ವೆಲ್ಲೆಸ್ಲಿ ಕಲ್ಕತ್ತೆಯಲ್ಲಿ ಗವರ್ನಮೆಂಟ್ ಹೌಸ್ ಕಟ್ಟಿಸಲು ತೊಡಗಿದ. ಡರ್ಬಿಶೈರಿನ ಶ್ರೀಮಂತರ ಕೆಡಲ್‌ಸ್ಟನ್ ಹಾಲ್ ಅದಕ್ಕೆ ಮಾದರಿ. ಲಂಡನ್ನಿನ ಕಂಪನಿ ನಿರ್ದೇಶಕರು ಖರ್ಚು ಕಂಡು ಕೆಂಡಾಮಂಡಲವಾದರು. ಲೆಕ್ಕದ ಪುಸ್ತಕದ ದೃಷ್ಟಿಯಲ್ಲಿ ಅವರ ಸಿಟ್ಟು ಸರಿ. ಆದರೆ ತಕ್ಕಡಿ ಹಿಡಿದವನು ದೊರೆಯಾಗಿ ಕಾಣಬೇಕಾದರೆ ಗೋದಾಮು ಸಾಲದೆಂಬುದು ವೆಲ್ಲೆಸ್ಲಿಗೆ ಅವರಿಗಿಂತ ಚೆನ್ನಾಗಿ ಗೊತ್ತಿತ್ತು.

ಹಾಗಾದರೆ ಇದೆಲ್ಲ ವೇಷವೇ, ಚೆಲುವಿಗೆ ಬೆಲೆಯೇ ಇಲ್ಲವೇ ಎಂದು ಕೇಳುವುದು ನ್ಯಾಯ. ಚೆಲುವಿದೆ, ಅದಿಲ್ಲದಿದ್ದರೆ ಕಡ ತಂದ ವಯಸ್ಸನ್ನು ಯಾರೂ ನಂಬುತ್ತಿರಲಿಲ್ಲ. ಒಮ್ಮೆ ನೆಲೆಯೂರಿದ ಚೆಲುವು ಮಾತ್ರ ಕಟ್ಟಿಸಿದವನ ಹಂಗಿನಲ್ಲಿ ಉಳಿಯುವುದಿಲ್ಲ. ಬೆಂಗಳೂರಿನ ಅಠಾರಾ ಕಚೇರಿಯನ್ನು 1860ರ ದಶಕದಲ್ಲಿ ಎಬ್ಬಿಸಿದ್ದು ಮೈಸೂರು ಅರಸರ ಕೈಯಿಂದ ಆಡಳಿತ ಕಸಿದುಕೊಂಡಿದ್ದ ಬ್ರಿಟಿಷ್ ಕಮಿಷನರ ಸರ್ಕಾರ. ಕೆಂಪು ಬಣ್ಣ, ಗ್ರೀಕ್ ಕಂಬ, ಅಧಿಕಾರಕ್ಕೆ ಬೇಕಾದ ಗತ್ತು ಎಲ್ಲವೂ ಅದರಲ್ಲಿತ್ತು. ಅದರ ಎದುರಿಗೇ 1956ರಲ್ಲಿ ಮುಗಿದ ವಿಧಾನಸೌಧಕ್ಕೆ ಕೆಂಗಲ್ ಹನುಮಂತಯ್ಯನವರು ಗ್ರೀಕ್ ಕಂಬದ ಬದಲು ದ್ರಾವಿಡ ಗೋಪುರಗಳ ಘನತೆಯನ್ನು ತಂದರು. ಪರಕೀಯರಿಗೆ ಕೊಟ್ಟ ಉತ್ತರ ಎಂದು ನಾವು ಅದನ್ನು ಹೊಗಳುತ್ತೇವೆ, ಹೊಗಳಬೇಕಾದ್ದೇ. ಆದರೂ ಹತ್ತು ವರ್ಷ ತುಂಬದ ಪ್ರಜಾಪ್ರಭುತ್ವವೊಂದು ಶತಮಾನಗಳ ದೇಗುಲ ಪರಂಪರೆಯಿಂದ ವಯಸ್ಸನ್ನು ಕಡ ತಂದದ್ದು ಅಲ್ಲೂ ನಡೆದದ್ದೇ. ಸಾಲ ಕೊಟ್ಟವರು ಮಾತ್ರ ಈ ಸಲ ಮನೆಯವರು. 1980ರ ದಶಕದಲ್ಲಿ ಅಠಾರಾ ಕಚೇರಿಯನ್ನು ಕೆಡವುವ ಮಾತು ಬಂದಾಗ ಅಡ್ಡ ನಿಂತವರು ಬೆಂಗಳೂರಿನ ನಾಗರಿಕರೇ. ಅವರಿಗೆ ಕಮಿಷನರ ಆಳ್ವಿಕೆ ಮರಳಿ ಬೇಕಿರಲಿಲ್ಲ, ಅಥೆನ್ಸಿನ ಗೊಡವೆಯೂ ಇರಲಿಲ್ಲ. ನೂರು ವರ್ಷ ನಿಂತು ಆ ಕಟ್ಟಡ ಸ್ವಂತದ ವಯಸ್ಸನ್ನೇ ಗಳಿಸಿಕೊಂಡಿತ್ತು.