ಗೊಡ್ಡು ಯಾವುದು?

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಶೆಟ್ಟಿಹಳ್ಳಿಯ ಸುತ್ತಿನ ಹೊಲಗಳನ್ನೆಲ್ಲ ತುಮಕೂರು ನಗರ ನುಂಗಿದ ಮೇಲೂ, ಉಳಿದ ತುಂಡು ಭೂಮಿಯಲ್ಲಿ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕಿ ಬದುಕುತ್ತಿರುವವನು. ಕುಶಲಪ್ರಶ್ನೆಗಳು ಮುಗಿದ ಮೇಲೆ, "ಮೇಷ್ಟ್ರೇ, ಆ ಕಪ್ಪು ಹಸೂಗೆ ಮೂರು ಸಲ ಸೂಜಿ ಹಾಕ್ಸಿದೆ, ನಿಲ್ಲಲಿಲ್ಲ. ಗೊಡ್ಡು ಬಿದ್ದಿದೆ. ಬಂದಷ್ಟಕ್ಕೆ ಕೊಟ್ಟುಬಿಡ್ತೀನಿ" ಎಂದ. ನಾನು ಒಂದೇ ಪ್ರಶ್ನೆ ಕೇಳಿದೆ: "ಆ ಮೂರು ಸಲವೂ ಯಾವ ದಿನ, ಎಷ್ಟು ಹೊತ್ತಿಗೆ ಹಾಕಿಸಿದೆಯಪ್ಪ?" ಅವನಿಗೆ ಒಂದು ತಾರೀಖೂ ನೆನಪಿರಲಿಲ್ಲ.

ಸಾಕ್ಷಿಯಿಲ್ಲ, ದಿನಾಂಕವಿಲ್ಲ, ಪರೀಕ್ಷೆಯಿಲ್ಲ. ಆದರೂ ತೀರ್ಪು ಹೊರಬಿದ್ದಿದೆ. ನಮ್ಮ ಸೀಮೆಯಲ್ಲಿ ಹಸುವಿಗೆ ನಡೆಯುವ ಅನ್ಯಾಯಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲವೆಂದು ನಾನು ಭಾವಿಸಿದ್ದೇನೆ. ಇದನ್ನು ಹೇಳುವ ಅಧಿಕಾರ ನನಗೆ ಹೇಗೆ ಬಂತೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅದು ಹೆಮ್ಮೆಯ ಕಥೆಯೇನಲ್ಲ.

ನಾನು ಮಾಧ್ಯಮಿಕ ಶಾಲೆಯಲ್ಲಿದ್ದಾಗ ನಮ್ಮ ಮನೆಯಲ್ಲಿ ಗೌರಿ ಎಂಬ ಹಸುವಿತ್ತು. ಅದನ್ನು ಹೋರಿಗೆ ಕೊಡಿಸಿಕೊಂಡು ಬರುವ ಕೆಲಸ ನನ್ನದು. ಹೋರಿ ಇದ್ದದ್ದು ಪಕ್ಕದ ಊರಿನಲ್ಲಿ. ನನಗೆ ಬಿಡುವಿದ್ದದ್ದು ಭಾನುವಾರ. ಗೌರಿ ಬುಧವಾರ ರಾತ್ರಿಯೆಲ್ಲ ಕೂಗಿದರೂ ನಾನು ಅದನ್ನು ಹೊಡೆದುಕೊಂಡು ಹೋಗುತ್ತಿದ್ದದ್ದು ಭಾನುವಾರವೇ. ಹೀಗೆ ಎರಡು ವರ್ಷ ಕಳೆಯಿತು. ಶಿವರಾತ್ರಿಯ ಸಿದ್ಧಗಂಗೆ ದನದ ಜಾತ್ರೆಗೆ ಮುನ್ನ ದಲ್ಲಾಳಿಯೊಬ್ಬ ಮನೆಗೆ ಬಂದು, ಜಗಲಿಯ ಮೇಲೆ ಕುಳಿತು, "ಇದು ಗೊಡ್ಡು ಸ್ವಾಮಿ, ಮೇವು ದಂಡ" ಎಂದ. ಬಾಗಿಲ ಬಳಿ ನಿಂತಿದ್ದ ನಮ್ಮ ಚಿಕ್ಕಮ್ಮ ತಲೆ ತಗ್ಗಿಸಿ ಒಳಗೆ ಹೋದರು. ಅವರಿಗೆ ಮಕ್ಕಳಿರಲಿಲ್ಲ. ಜಾತ್ರೆಯಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮುಗಿಯಿತು. ಮರುವರ್ಷ ಗುಬ್ಬಿಯ ಕಡೆಯ ಹಳ್ಳಿಯೊಂದಕ್ಕೆ ಮದುವೆಗೆ ಹೋದಾಗ ಗೌರಿಯನ್ನು ಕಂಡೆ. ಮಗ್ಗುಲಲ್ಲಿ ಕರುವಿತ್ತು. ಕೊಂಡವನು ಯಾವ ಚಿಕಿತ್ಸೆಯನ್ನೂ ಮಾಡಿರಲಿಲ್ಲ. ಹೋರಿಯಿದ್ದ ಮಂದೆಯೊಡನೆ ಮೇಯಲು ಬಿಟ್ಟಿದ್ದ, ಅಷ್ಟೆ.

ಈಗ ಲೆಕ್ಕ ನೋಡೋಣ. ಹಸು ಸರಾಸರಿ 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ಬೆದೆ ನಿಲ್ಲುವುದು ಹೆಚ್ಚೆಂದರೆ 12ರಿಂದ 18 ಗಂಟೆ. ಅದು ಮುಗಿದು ಸುಮಾರು 10–12 ಗಂಟೆಗಳಾದ ಮೇಲೆ ಅಂಡಾಣು ಬಿಡುಗಡೆಯಾಗುತ್ತದೆ. ಆಮೇಲೆ ಅದರ ಆಯುಷ್ಯ ಕೆಲವೇ ಗಂಟೆಗಳು. ಅಮೆರಿಕದ ನೆಬ್ರಾಸ್ಕದಲ್ಲಿ ಟ್ರಿಂಬರ್ಗರ್ ಎಂಬ ವಿಜ್ಞಾನಿ 1940ರ ದಶಕದಲ್ಲೇ ಇದನ್ನು ಪರೀಕ್ಷಿಸಿದರು. ಬೆಳಿಗ್ಗೆ ಬೆದೆ ಕಂಡರೆ ಅದೇ ದಿನ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಎಂಬ ನಿಯಮ ಬಳಕೆಗೆ ಬಂದದ್ದು ಅಂಥ ಪರೀಕ್ಷೆಗಳಿಂದ. ಬುಧವಾರದ ಬೆದೆಗೆ ಭಾನುವಾರದ ಹೋರಿ! ಗೌರಿ ಗಬ್ಬವಾಗದಿದ್ದದ್ದು ಅದರ ದೋಷವಲ್ಲ, ನನ್ನ ದೋಷ. ಇದು ತಿಳಿದದ್ದು ನಾನು ಮೇಷ್ಟ್ರಾದ ಎಷ್ಟೋ ವರ್ಷಗಳ ಮೇಲೆ.

"ಮೂರು ಸಲ ನಿಲ್ಲಲಿಲ್ಲ" ಎಂಬ ವಾದಕ್ಕೂ ಕಪ್ಪುಹಲಗೆಯ ಮೇಲೆ ಉತ್ತರವಿದೆ. ಎಲ್ಲವೂ ಸರಿಯಿರುವಾಗಲೂ ಕೃತಕ ಗರ್ಭಧಾರಣೆ ಪ್ರತಿಬಾರಿಯೂ ಫಲಿಸುವುದಿಲ್ಲ. ನೂರಕ್ಕೆ ನಲವತ್ತು ಫಲಿಸುತ್ತದೆಂದು ಇಟ್ಟುಕೊಳ್ಳಿ. ನೂರು ಆರೋಗ್ಯವಂತ ಹಸುಗಳಲ್ಲಿ ಮೊದಲ ಸಲ 60 ಉಳಿಯುತ್ತವೆ, ಎರಡನೆಯ ಸಲ 36, ಮೂರನೆಯ ಸಲ ಸುಮಾರು 22. ಈ ಇಪ್ಪತ್ತೆರಡರಲ್ಲಿ ಯಾವ ಕುಂದೂ ಇಲ್ಲ. ಮೂರು ಸಲ ನಿಲ್ಲದ ಹಸುವನ್ನು ಪರೀಕ್ಷೆ ಮಾಡಿಸಬೇಕೆಂದು ಪಶುವೈದ್ಯಶಾಸ್ತ್ರ ಹೇಳುತ್ತದೆಯೇ ಹೊರತು ಮಾರಿಬಿಡಬೇಕೆಂದು ಹೇಳುವುದಿಲ್ಲ.

ಹುಟ್ಟು ಬಂಜೆತನ ಇಲ್ಲವೆಂದು ನಾನು ಹೇಳುತ್ತಿಲ್ಲ. ಹೋರಿಗರುವಿನೊಡನೆ ಅವಳಿಯಾಗಿ ಹುಟ್ಟಿದ ಹೆಣ್ಣುಗರುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬಂಜೆಯಾಗಿಯೇ ಉಳಿಯುತ್ತವೆ. ಗರ್ಭದಲ್ಲಿ ಎರಡರ ರಕ್ತವೂ ಬೆರೆಯುವುದು ಇದಕ್ಕೆ ಕಾರಣವೆಂಬುದನ್ನು ಲಿಲ್ಲಿ ಎಂಬ ವಿಜ್ಞಾನಿ 1916ರಲ್ಲಿ ವಿವರಿಸಿದರು. ಆದರೆ ಅಂಥವು ಅಪರೂಪ. ಒಮ್ಮೆ ಕರು ಹಾಕಿದ ಹಸು ಮತ್ತೆ ನಿಲ್ಲದಿದ್ದರೆ ಹುಡುಕಬೇಕಾದ ಕಾರಣಗಳು ಬೇರೆ: ಒಣ ರಾಗಿಹುಲ್ಲನ್ನಷ್ಟೇ ತಿಂದು ಸೊರಗಿದ ಮೈ, ಖನಿಜಗಳ ಕೊರತೆ, ಕರು ಹಾಕಿದಾಗ ಕಸ ಬೀಳದೆ ಗರ್ಭಕೋಶಕ್ಕೆ ತಗುಲಿದ ಸೋಂಕು, ಕೂಗದೆ ಬರುವ ಮೂಕ ಬೆದೆ. ಇವುಗಳಲ್ಲಿ ಬಹುಪಾಲು ಸರಿಪಡಿಸಬಹುದಾದವು.

"ನಮ್ಮ ಕಾಲದ ಊರ ಹೋರಿಯೇ ಚೆನ್ನಾಗಿತ್ತು, ಈ ಸೂಜಿ ಬಂದ ಮೇಲೆ ಹಸುಗಳು ಕೆಟ್ಟವು" ಎನ್ನುವ ಹಿರಿಯರಿದ್ದಾರೆ. ನನ್ನ ಬಂಧುಗಳಲ್ಲೇ ಇದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಗ್ಲಿಸರಾಲ್ ಬೆರೆಸಿದರೆ ವೀರ್ಯಾಣುಗಳು ಹೆಪ್ಪುಗಟ್ಟಿದರೂ ಬದುಕುತ್ತವೆಂದು ಇಂಗ್ಲೆಂಡಿನ ಪೋಲ್ಜ್, ಸ್ಮಿತ್, ಪಾರ್ಕ್ಸ್ ಅವರು 1949ರಲ್ಲಿ ತೋರಿಸಿಕೊಟ್ಟರು. ಇಂದು ಅದನ್ನು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಇಡುತ್ತಾರೆ. ಹೊರತೆಗೆದ ಕಡ್ಡಿಯನ್ನು 37 ಡಿಗ್ರಿಯ ಬೆಚ್ಚನೆಯ ನೀರಿನಲ್ಲಿ ಅರ್ಧ ನಿಮಿಷ ಕರಗಿಸಿ ತಡಮಾಡದೆ ಬಳಸಬೇಕು. ಆದರೆ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಿಸಿಲಿನಲ್ಲಿ ಬೈಕಿನ ಮೇಲೆ ಬಂದವನೊಬ್ಬನನ್ನು ನಾನೇ ನೋಡಿದ್ದೇನೆ. ಕೈ ಕೂಡ ತೊಳೆಯಲಿಲ್ಲ. ಆ ಹಸು ನಿಲ್ಲದಿದ್ದರೆ ಗೊಡ್ಡು ಯಾವುದು? ಹಸುವೋ, ಆ ಕೆಲಸವೋ?

ಇನ್ನುಳಿದರ್ಧ ತಪ್ಪು. ಒಂದೇ ಹೋರಿ ಹತ್ತೂರ ಹಸುಗಳನ್ನು ಹತ್ತಿದಾಗ ರೋಗವೂ ಹತ್ತೂರಿಗೆ ಹರಡುತ್ತಿತ್ತು. ಕೃತಕ ಗರ್ಭಧಾರಣೆಯಿಂದ ಆದ ಉಪಕಾರಗಳಲ್ಲಿ ಈ ಸೋಂಕುಗಳನ್ನು ತಡೆದದ್ದೂ ಒಂದು. ಬ್ರೂಸೆಲ್ಲಾ ರೋಗವನ್ನಂತೂ ಮರೆಯಲೇಬಾರದು. ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕಿಸುವ ಈ ರೋಗ ಮನುಷ್ಯರಿಗೂ ಅಂಟುತ್ತದೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುವಿಗೆ ಒಮ್ಮೆ ಹಾಕಿಸುವ ಲಸಿಕೆಯಿದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದು ಸೇರಿದೆ. ಲಸಿಕೆ ಹಾಕಿಸದೆ, ಕಂದು ಹಾಕಿದ ಹಸುವನ್ನು ಕೆಟ್ಟ ಕಣ್ಣಿಗೆ ಬಲಿಯಾಯಿತೆಂದು ನಿವಾಳಿಸುವವರು ಇನ್ನೂ ಇದ್ದಾರೆ.

ವಿದ್ಯೆ ದೂರದಲ್ಲಿದ್ದರೆ ಈ ಅಜ್ಞಾನವನ್ನು ಕ್ಷಮಿಸಬಹುದಿತ್ತು. ಅದು ನಮ್ಮ ಮನೆಬಾಗಿಲಲ್ಲೇ ಇದೆ. ಭಾರತದಲ್ಲಿ ಮೊದಲ ಕೃತಕ ಗರ್ಭಧಾರಣೆ ನಡೆದದ್ದು 1939ರಲ್ಲಿ, ಮೈಸೂರು ಅರಮನೆಯ ಡೈರಿ ಫಾರಂನಲ್ಲಿ, ಸಂಪತ್ ಕುಮಾರನ್ ಅವರ ಕೈಯಲ್ಲಿ. ಅದೂ ನಮ್ಮ ಹಳ್ಳಿಕಾರ್ ಹಸುಗಳ ಮೇಲೆ. ದನಗಳ ಪೋಷಣೆ ಮತ್ತು ಶರೀರಕ್ರಿಯೆಗಳನ್ನು ಅಭ್ಯಸಿಸುವ ರಾಷ್ಟ್ರೀಯ ಸಂಸ್ಥೆ 1995ರಿಂದ ಬೆಂಗಳೂರಿನ ಆಡುಗೋಡಿಯಲ್ಲಿದೆ. ಆಯಾ ಪ್ರದೇಶದ ಮಣ್ಣು, ಮೇವಿಗೆ ಹೊಂದುವ ಖನಿಜ ಮಿಶ್ರಣಗಳನ್ನು ರೂಪಿಸಿದೆ. ಶೆಟ್ಟಿಹಳ್ಳಿಗೂ ಅದಕ್ಕೂ ಎಪ್ಪತ್ತು ಎಂಬತ್ತು ಕಿಲೋಮೀಟರ್ ಅಂತರ. ಅಲ್ಲಿಯ ಅರಿವು ಇಲ್ಲಿಯ ಕೊಟ್ಟಿಗೆಗೆ ಬಾರದಿದ್ದರೆ ಅದರ ಹೊಣೆ ಓದಿದವರಾದ ನಮ್ಮದೂ ಹೌದು.

ನಮ್ಮ ಜಿಲ್ಲೆಯ ಕುಣಿಗಲ್ ಕುದುರೆ ಸಾಕಣೆಗೆ ಹೆಸರಾದ ಊರು. ರೇಸಿನ ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಮನ್ನಣೆಯಿಲ್ಲ. ಹೀಗಾಗಿ ಅಂಥ ಫಾರಂಗಳಲ್ಲಿ ಪ್ರತಿಯೊಂದು ಹೆಣ್ಣುಕುದುರೆಯ ಬೆದೆಯನ್ನೂ ದಿನ ಬಿಡದೆ ಗಮನಿಸಿ, ಪರೀಕ್ಷಿಸಿ, ಬರೆದಿಡುತ್ತಾರೆ. ಅದು ನಿಲ್ಲದಿದ್ದರೆ ವೈದ್ಯರು ಬರುತ್ತಾರೆ, ದಲ್ಲಾಳಿಯಲ್ಲ. ಲಕ್ಷಾಂತರ ರೂಪಾಯಿಯ ಕುದುರೆಗೆ ಸಲ್ಲುವ ಈ ತಾಳ್ಮೆ, ಒಂದು ಸಂಸಾರಕ್ಕೆ ಅನ್ನ ಹಾಕುವ ಹಸುವಿಗೆ ಏಕೆ ಸಲ್ಲಬಾರದು? ಬರೆದಿಡುವುದಕ್ಕೆ ಸಿರಿವಂತಿಕೆ ಬೇಕಿಲ್ಲ. ಸಂಕ್ರಾಂತಿಯಂದು ಕೊಂಬಿಗೆ ಬಣ್ಣ ಬಳಿದು, ಪೂಜಿಸಿ, ಕಿಚ್ಚು ಹಾಯಿಸುವ ನಾವು ಅದೇ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಲಾರೆವೇ?

ಕೊನೆಯ ಮಾತು ಆ ಪದದ ಬಗ್ಗೆ. ಹುರುಳಿಲ್ಲದ್ದಕ್ಕೆ ಕನ್ನಡದಲ್ಲಿ ಗೊಡ್ಡು ಎನ್ನುತ್ತೇವೆ: ಗೊಡ್ಡು ಹರಟೆ, ಗೊಡ್ಡು ಸಂಪ್ರದಾಯ. ಅದೇ ಪದವನ್ನು ಹಸುವಿಗೂ ಸೊಸೆಗೂ ಎಸೆದೆವು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆಂದು ವೈದ್ಯರು ಹೇಳುತ್ತಾರೆ. ನಮ್ಮ ಚಿಕ್ಕಪ್ಪನವರನ್ನು ಯಾರೂ ಯಾವ ಪರೀಕ್ಷೆಗೂ ಕರೆದೊಯ್ಯಲಿಲ್ಲ. ಆ ದಿನ ತಲೆ ತಗ್ಗಿಸಿ ಒಳಗೆ ಹೋದ ಚಿಕ್ಕಮ್ಮ, ದಲ್ಲಾಳಿ ಹೋದ ಮೇಲೆ ಕೊಟ್ಟಿಗೆಗೆ ಹೋಗಿ ಗೌರಿಯ ಕತ್ತು ಸವರುತ್ತಾ ಬಹಳ ಹೊತ್ತು ನಿಂತಿದ್ದರು. ಈ ಬರಹವನ್ನು ಓದುವ ಬಂಧುಗಳಲ್ಲಿ ಕೆಲವರಿಗೆ ಅವರು ನೆನಪಿರಬಹುದು.

ಹಳ್ಳಿಯಲ್ಲಿ ದನ ಸಾಕುತ್ತಿರುವ ನನ್ನ ವಿದ್ಯಾರ್ಥಿಗಳಿಗೆ ಹೇಳುವುದಿಷ್ಟೆ. ಬೆದೆ ಬಂದ ದಿನ, ಹೊತ್ತು, ಸೂಜಿ ಹಾಕಿಸಿದ ಹೊತ್ತು, ಇವನ್ನು ಬರೆದಿಡಿ. ಬೆಳಿಗ್ಗೆ, ಸಂಜೆ, ಮಲಗುವ ಮುನ್ನ ಒಮ್ಮೊಮ್ಮೆ ಕೊಟ್ಟಿಗೆಗೆ ಹೋಗಿ ನೋಡಿ. ಕೂಗುವುದು, ಗಾಜಿನಂಥ ಲೋಳೆ, ಇನ್ನೊಂದು ಹಸು ಹತ್ತಿದಾಗ ಕದಲದೆ ನಿಲ್ಲುವುದು, ಇವು ಬೆದೆಯ ಗುರುತುಗಳು. ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣ ಕೊಡಿ. ಮೂರು ಸಲ ನಿಲ್ಲದಿದ್ದರೆ ಪಶುವೈದ್ಯರಿಗೆ ತೋರಿಸಿ. ನಲವತ್ತು ಮಕ್ಕಳ ಹಾಜರಿಯನ್ನು ದಿನವೂ ತೆಗೆದುಕೊಂಡ ಮೇಷ್ಟ್ರು ಕೇಳುತ್ತಿದ್ದೇನೆ, ಎರಡು ಹಸುಗಳ ಹಾಜರಿ ನಿಮಗೆ ಹೊರೆಯಾದೀತೇ?

ಆ ಕಪ್ಪು ಹಸು ಇನ್ನೂ ಶೆಟ್ಟಿಹಳ್ಳಿಯಲ್ಲೇ ಇದೆ. ನಿನ್ನೆ ಅವನು ಮತ್ತೆ ದೂರವಾಣಿ ಮಾಡಿ, ಪಶುವೈದ್ಯರು ಬಂದು ನೋಡುತ್ತಾರೆಂದು ತಿಳಿಸಿದ. ಅದು ನಿಲ್ಲುತ್ತದೆಯೋ ಇಲ್ಲವೋ ನಾನರಿಯೆ. ಪರೀಕ್ಷೆ ಮುಗಿಯುವ ತನಕ ಅದನ್ನು ಗೊಡ್ಡು ಎನ್ನಕೂಡದೆಂದು ಅವನಿಂದ ಮಾತು ತೆಗೆದುಕೊಂಡಿದ್ದೇನೆ.