ಧನವೂ ಋಣವೂ: ರಸಾಯನ ಸೂತ್ರಗಳನ್ನು ಬರೆಯುವ ವಿಷಯವಾಗಿ

ಪೂರ್ವವಿದ್ಯಾರ್ಥಿನಿಯರಲ್ಲಿಯೂ ಮಾತಾಪಿತೃಗಳಲ್ಲಿಯೂ ನಮ್ಮದೊಂದು ಬಿನ್ನಹವುಂಟು. ಒಂಬತ್ತನೆಯ ತರಗತಿಯ ಬಾಲಿಕೆಯು ಮನೆಯಲ್ಲಿ ಕುಳಿತು ರಸಾಯನ ಸೂತ್ರಗಳನ್ನು ಬರೆಯುತ್ತಿರುವಾಗ, “ಎರಡು ಸಂಖ್ಯೆಗಳನ್ನೂ ಅಡ್ಡಡ್ಡವಾಗಿ ಬದಲಿಸಿಬಿಡು, ಉತ್ತರ ತಾನೇ ಬರುತ್ತದೆ” ಎಂದು ದಯಮಾಡಿ ಹೇಳಿಕೊಡಬೇಡಿರಿ. ಈ ಅಡ್ಡದಾರಿಯನ್ನು ನಿಮ್ಮಲ್ಲಿ ಅನೇಕರಿಗೆ ಕಲಿಸಿದವರು ನಾವೇ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ಪರೀಕ್ಷೆಯು ಸಮೀಪಿಸಿದಾಗ ಅದು ನಮಗೆ ಸುಲಭೋಪಾಯವಾಗಿ ತೋರಿತ್ತು.

ಅದರ ನಷ್ಟವು ನಮಗೆ ತಿಳಿದುಬಂದದ್ದು ಸುಣ್ಣದ ಪಾಠದಲ್ಲಿ. ಕಡ್ಡಿರಾಂಪುರದಿಂದ ಬರುತ್ತಿದ್ದ ಬಾಲಿಕೆಯೊಬ್ಬಳು ಸುಟ್ಟ ಸುಣ್ಣದ ಸೂತ್ರವನ್ನು ‘ಕ್ಯಾಲ್ಸಿಯಂ ಎರಡು, ಆಮ್ಲಜನಕ ಎರಡು’ ಎಂದು ಬರೆದಿದ್ದಳು. ಒಂದರ ಎರಡನ್ನು ಇನ್ನೊಂದರ ಕೆಳಗೆ ಇಟ್ಟಿದ್ದಳಷ್ಟೆ; ನಾವು ಹೇಳಿಕೊಟ್ಟಂತೆಯೇ ಮಾಡಿದ್ದಳು. ಏಕೆಂದು ಕೇಳಿದರೆ ಮೌನ. ಹಂಪಿಯ ಗೋಪುರಗಳ ಇಟ್ಟಿಗೆಯನ್ನು ಮುಚ್ಚಿರುವ ಗಾರೆಯನ್ನು ಹುಟ್ಟಿದಂದಿನಿಂದ ಕಂಡ ಮಗುವಿಗೆ ಸುಣ್ಣವೆಂದರೆ ಏನೆಂಬುದನ್ನು ನಾವು ಎರಡು ಅಂಕೆಗಳ ಆಟವನ್ನಾಗಿ ಮಾಡಿಟ್ಟಿದ್ದೆವು.

ಈ ವಿಷಯದಲ್ಲಿ ನಮ್ಮ ಭಾಷೆಯೇ ನಮಗೊಂದು ಉಪಕಾರವನ್ನು ಮಾಡಿದೆ. ಲೋಹದ ಪರಮಾಣುವು ಎಲೆಕ್ಟ್ರಾನುಗಳನ್ನು ಕೊಡುತ್ತದೆ, ಕೊಟ್ಟದ್ದು ಧನ. ಅಲೋಹವು ಅವನ್ನು ತೆಗೆದುಕೊಳ್ಳುತ್ತದೆ, ಕೊಂಡದ್ದು ಋಣ. ಹೀಗೆ ಧನವನ್ನೋ ಋಣವನ್ನೋ ಹೊತ್ತ ಕಣಕ್ಕೆ ಅಯಾನು ಎಂದು ಹೆಸರು. ಸೂತ್ರವೆಂಬುದು ಇವೆರಡೂ ಸರಿದೂಗಿದ ಲೆಕ್ಕ, ಬಾಕಿ ಸೊನ್ನೆಯಾಗತಕ್ಕದ್ದು. ಹೊಸಪೇಟೆಯ ಸಂತೆಗೆ ಹೋಗಿಬಂದ ಹುಡುಗಿಗೆ ಇದು ತಿಳಿಯದ ವಿಷಯವೇ? ಕ್ಯಾಲ್ಸಿಯಂ ಎರಡು ಕೊಟ್ಟಿತು, ಆಮ್ಲಜನಕವು ಎರಡು ಕೊಂಡಿತು. ಒಂದಕ್ಕೆ ಒಂದು ಸಾಕು. ಸುಟ್ಟ ಸುಣ್ಣಕ್ಕೆ ನೀರು ಹೊಯ್ದು ಅರಳಿಸಿದರೆ ಹೈಡ್ರಾಕ್ಸೈಡ್ ಬರುತ್ತದೆ. ಅದರದು ಒಂದೇ ಋಣವಾದುದರಿಂದ ಒಂದು ಕ್ಯಾಲ್ಸಿಯಮಿಗೆ ಎರಡು ಬೇಕು. ಇಲ್ಲಿ ಕಂಸವನ್ನು ಮರೆತವಳು ಎರಡು ಜಲಜನಕವನ್ನೂ ಒಂದೇ ಆಮ್ಲಜನಕವನ್ನೂ ಬರೆಯುತ್ತಾಳೆ. ಕಂಸವು ಅಲಂಕಾರಕ್ಕಲ್ಲ, ಅದು ಗಂಟು, ಒಳಗಿನವರು ಒಟ್ಟಿಗೇ ಬರುವವರು.

‘ಅಡ್ಡ ಬದಲಿಸಿ, ಆಮೇಲೆ ಸಂಕ್ಷೇಪಿಸಿದರಾಯಿತು’ ಎನ್ನುವವರೂ ಉಂಟು. ಸೋಡಿಯಂ ಪೆರಾಕ್ಸೈಡಿನಲ್ಲಿ ಸೋಡಿಯಂ ಎರಡು, ಆಮ್ಲಜನಕ ಎರಡು. ಅದನ್ನು ಸಂಕ್ಷೇಪಿಸುವಂತಿಲ್ಲ, ಏಕೆಂದರೆ ಅಲ್ಲಿ ಆಮ್ಲಜನಕದ ಜೋಡಿಯೊಂದು ಕೂಡಿಯೇ ಎರಡು ಋಣವನ್ನು ಹೊತ್ತಿದೆ. ಲೆಕ್ಕ ಬಲ್ಲವಳು ಇಲ್ಲಿ ತಪ್ಪುವುದಿಲ್ಲ.

ಆದುದರಿಂದ ನಮ್ಮ ತರಗತಿಯಲ್ಲಿ ಈಗ ಸೂತ್ರವನ್ನು ಬರೆಯುವ ಮೊದಲು ಕನ್ನಡದಲ್ಲಿ ಬಾಯಿಬಿಟ್ಟು ಹೇಳತಕ್ಕದ್ದೆಂದು ನಿಯಮ ಮಾಡಿದ್ದೇವೆ. ಇಲ್ಲಿಯೂ ಸಂಕೇತಾಕ್ಷರಗಳನ್ನು ಬಿಟ್ಟು ಮಾತಿನಲ್ಲಿಯೇ ತಿಳಿಸುತ್ತಿರುವುದು ಅದೇ ಕಾರಣದಿಂದ. ಇದರಿಂದ ಪಾಠವು ನಿಧಾನವಾಗುತ್ತದೆಂಬ ಆಕ್ಷೇಪಣೆಯು ನಿಜ. ಆದರೆ ವಿಷಯವೇ ಅಷ್ಟು ಸುಲಭವಾದುದಲ್ಲ. ಉಪ್ಪಿನ ಹರಳಿನಲ್ಲಿ ಒಂದು ಸೋಡಿಯಂ ಒಂದು ಕ್ಲೋರೀನಿನೊಡನೆ ಜೊತೆಗೂಡಿ ಬೇರೆಯಾಗಿ ನಿಂತಿಲ್ಲ, ಪ್ರತಿಯೊಂದರ ಸುತ್ತಲೂ ಇನ್ನೊಂದರ ಆರು ಅಯಾನುಗಳಿವೆ ಎಂದು ಬ್ರಾಗ್ ತಂದೆಮಕ್ಕಳು ೧೯೧೩ರಲ್ಲಿ ಕ್ಷಕಿರಣಗಳಿಂದ ತೋರಿಸಿದರು. ಸೂತ್ರವು ಪ್ರಮಾಣವನ್ನು ಮಾತ್ರ ಹೇಳುತ್ತದೆ. ೧೯೨೭ರಲ್ಲಿಯೂ ಆರ್ಮ್‌ಸ್ಟ್ರಾಂಗ್ ಎಂಬ ಹಿರಿಯ ರಸಾಯನಜ್ಞರು ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಹಳಿದು ಬರೆದರು. ಅಂಥವರೇ ಒಪ್ಪದಿದ್ದ ಮೇಲೆ, ಹದಿನಾಲ್ಕು ವರ್ಷದ ಬಾಲಿಕೆಯು ತಡವರಿಸಿದಳೆಂದು ಗದರಿಸುವುದು ನ್ಯಾಯವಲ್ಲ.

ಹೆಣ್ಣುಮಕ್ಕಳಿಗೆ ಇದರಿಂದೇನು ಪ್ರಯೋಜನವೆಂದು ಕೇಳುವ ತಾಯಂದಿರಿಗೆ ಕಬ್ಬಿಣದ ಮಾತೊಂದನ್ನು ಹೇಳಬೇಕಾಗಿದೆ. ಸಂಡೂರಿನ ಗುಡ್ಡಗಳ ಕೆಂಪು ಅದಿರಿನಲ್ಲಿ ಕಬ್ಬಿಣವು ಮೂರು ಕೊಟ್ಟಿದೆ. ಆಮ್ಲಜನಕವು ಎರಡೆರಡು ಕೊಳ್ಳುವುದರಿಂದ ಲೆಕ್ಕವು ಆರಕ್ಕೆ ಕೂಡಬೇಕು: ಕಬ್ಬಿಣ ಎರಡು, ಆಮ್ಲಜನಕ ಮೂರು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆಯಲ್ಲಿಯೂ ಕಬ್ಬಿಣವಿದೆ. ೨೦೧೮ರ ಅನೀಮಿಯಾ ಮುಕ್ತ ಭಾರತ ಯೋಜನೆಯಂತೆ ಅದರ ತೂಕ ೬೦ ಮಿಲಿಗ್ರಾಂ. ಫೆರಸ್ ಸಲ್ಫೇಟಿನ ಗುಳಿಗೆಯಲ್ಲಿ ಕಬ್ಬಿಣವು ಎರಡೇ ಕೊಟ್ಟಿರುತ್ತದೆ, ಸಲ್ಫೇಟು ಎರಡು ಕೊಂಡಿರುತ್ತದೆ, ಒಂದಕ್ಕೆ ಒಂದು. ಎರಡು ಕೊಟ್ಟ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರಿಕೊಳ್ಳುತ್ತದೆ, ಮೂರು ಕೊಟ್ಟದ್ದನ್ನು ಅಷ್ಟಾಗಿ ಹೀರದು. ನಿಂಬೆಹಣ್ಣಿನ ಸಿ ಜೀವಸತ್ವವು ಮೂರನ್ನು ಎರಡಕ್ಕಿಳಿಸಲು ಸಹಾಯಕವಾಗಿದೆ. ಚಹದ ಒಗರು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಗುಳಿಗೆಯು ಉಷ್ಣವೆಂದು ಮನೆಯಲ್ಲಿ ತಡೆದ ಅಜ್ಜಿಗೆ ಬಾಲಿಕೆಯೊಬ್ಬಳು ಈ ಲೆಕ್ಕವನ್ನೇ ಹೇಳಿದಳಂತೆ. ಅಜ್ಜಿಯು ಲೆಕ್ಕವನ್ನು ಎಷ್ಟು ಒಪ್ಪಿದರೋ ತಿಳಿಯದು, ಗುಳಿಗೆಯ ದಿನ ಊಟದ ಮೇಲಣ ಚಹವನ್ನು ಮಾತ್ರ ನಿಲ್ಲಿಸಿದ್ದಾರೆ.

ಮುಂದಿನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಪ್ರತಿಯೊಂದು ಸೂತ್ರದ ಪಕ್ಕದಲ್ಲಿಯೂ ಧನ-ಋಣಗಳ ಲೆಕ್ಕವನ್ನು ಬರೆಯತಕ್ಕದ್ದೆಂದು ನಿಶ್ಚಯಿಸಿದ್ದೇವೆ. ಸೂತ್ರವು ಸರಿಯಾಗಿದ್ದರೂ ಲೆಕ್ಕವಿಲ್ಲದಿದ್ದರೆ ಅರ್ಧ ಅಂಕ ಮಾತ್ರ. ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು ವಿಚಾರಿಸಲು ಬರುವ ತಂದೆತಾಯಿಗಳನ್ನು ಶನಿವಾರ ಮಧ್ಯಾಹ್ನ ಶಾಲೆಯಲ್ಲಿ ಕಾಣುವೆವು.